ಗಂಗಾವತಿ ದಾರಿಗೆ ಯಾವ ಟರ್ಬೊ?

ಕಾಗದದ ಮೇಲೆ ನೀವು ಕೇಳಿದ ಎರಡೂ ಕಾರುಗಳ ಶಕ್ತಿ ಒಂದೇ: 120 ಪಿಎಸ್. ಟಾರ್ಕ್ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ 172 ಎನ್‌ಎಂ, 2024ರ ಟಾಟಾ ಆಲ್ಟ್ರೋಜ್ ರೇಸರ್‌ನಲ್ಲಿ 170. ಸ್ವಭಾವ ಮಾತ್ರ ಬೇರೆ ಬೇರೆ.

ಎನ್ ಲೈನ್ 1,500 ಆರ್‌ಪಿಎಂಗೇ ಮೈಕೊಡವಿ ಏಳುತ್ತದೆ. ಗಂಗಾವತಿ ದಾರಿಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಒಂದು ಗೇರ್ ಇಳಿಸಿದರೆ ಸಾಕು, ದಾಟಿರುತ್ತೀರಿ. ಸ್ಟೀರಿಂಗ್ ಬಿಗಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆದರೆ ಸಸ್ಪೆನ್ಶನ್ ಗಡಸು. ಯಲಬುರ್ಗಾ ಕಡೆಯ ಎರಿಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವುದರಿಂದ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಅಲ್ಲಿ ಹಿಂದೆ ಕೂತ ನಿಮ್ಮ ಅವ್ವ ಬೈಯದೆ ಬಿಡುವುದಿಲ್ಲ!

ರೇಸರ್ ಆ ಏರಿಳಿತವನ್ನು ಸಾವಧಾನವಾಗಿ ನುಂಗುತ್ತದೆ, ಕುಷ್ಟಗಿಯ ಹೆದ್ದಾರಿಯಲ್ಲೂ ಗಟ್ಟಿಯಾಗಿ ಕೂರುತ್ತದೆ. ಕೆಳ ಆರ್‌ಪಿಎಂನಲ್ಲಿ ತುಸು ಸೋಮಾರಿ, ಹಿಂದೆ ಡ್ರಮ್ ಬ್ರೇಕ್, ಗೇರ್ ಮ್ಯಾನುವಲ್ ಮಾತ್ರ.

ವಾರವಾರ ಅವ್ವ-ಅಪ್ಪನನ್ನು ಕರೆದುಕೊಂಡು ಯಲಬುರ್ಗಾಕ್ಕೆ ಹೋಗುವವರು ನೀವು. ರೇಸರ್ ತೊಗೊಳ್ಳಿ. ಒಬ್ಬರೇ ಓಡಿಸುವುದಾದರೆ ನನ್ನ ಓಟು ಎನ್ ಲೈನ್‌ಗೆ.

ಹಳೆಯ ಪೋಲೊ ಜಿಟಿ? ಓಡಿಸಲು ಸೊಗಸು, ನಿಜ. ಆದರೆ 2022ಕ್ಕೇ ಮಾರಾಟ ನಿಂತಿದೆ. ಡಿಎಸ್‌ಜಿ ಗೇರ್‌ಬಾಕ್ಸ್ ಇರುವುದಾದರೆ ಅದರ ರಿಪೇರಿ ದುಬಾರಿ, ಸರ್ವಿಸ್ ದಾಖಲೆ ಪೂರ್ತಿ ಇಲ್ಲದಿದ್ದರೆ ಮುಟ್ಟಬೇಡಿ.