ಬಿದ್ದವರ ವಿಷಯವಾಗಿ ಒಂದು ಪತ್ರ

ಗಳಗನಾಥ

ಚಿರಂಜೀವಿ ತಮ್ಮನ ಮಗನಿಗೆ, ಕರ್ತನಲ್ಲಿ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಬೆಂಗಳೂರಿಗೆ ಹೋದ ಮೇಲೆ ಸಭೆಯನ್ನೂ ಪ್ರಾರ್ಥನೆಯನ್ನೂ ಬಿಟ್ಟು ಬಹುಕಾಲ ಕಳೆದೆನೆಂದೂ, ಈಗ ಮನಸ್ಸು ಮರಳಿದರೂ ಬೋಧಕರೊಬ್ಬರು ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆದು, ಒಮ್ಮೆ ಬೆಳಕನ್ನು ಕಂಡು ಭ್ರಷ್ಟನಾದವನಿಗೆ ಪುನಃ ಪಶ್ಚಾತ್ತಾಪವೇ ಅಸಾಧ್ಯವೆಂದು ಹೇಳಿ ಕಳುಹಿಸಿದರೆಂದೂ ನೀನು ಬರೆದುದನ್ನು ಓದಿದೆನು. ಇದೇ ಚಿಂತೆಯಲ್ಲಿರುವ ತರುಣರು ಅನೇಕರಿರುವುದರಿಂದ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆ ವಾಕ್ಯವು ಅಲ್ಲಿರುವುದು ನಿಜ. ಅದನ್ನು ಮೆತ್ತಗೆ ಮಾಡಿ ಹೇಳುವವರಲ್ಲಿ ನಾನೊಬ್ಬನಲ್ಲ. ಆದರೆ ಅದರ ಬೆನ್ನಿಗೇ ಲೇಖಕನು ಮಳೆಯನ್ನು ಕುಡಿದೂ ಮುಳ್ಳನ್ನೇ ಬೆಳೆಯುವ ಭೂಮಿಯ ಮಾತನ್ನೆತ್ತಿ, ಒಂಬತ್ತನೆಯ ವಚನದಲ್ಲಿ ತನ್ನ ಓದುಗರ ಕಡೆಗೆ ತಿರುಗಿ, ನಿಮ್ಮ ವಿಷಯದಲ್ಲಿ ನನಗೆ ಇದಕ್ಕಿಂತ ಉತ್ತಮವಾದ ಭರವಸೆಯಿದೆ ಎಂಬರ್ಥದಲ್ಲಿ ಮಾತನಾಡುವನು. ಬೋಧಕರು ಅಲ್ಲಿಯವರೆಗೆ ಓದಲಿಲ್ಲವೆಂದು ತೋರುತ್ತದೆ. ವರದೆಯ ದಂಡೆಯ ಎರೆಹೊಲದಲ್ಲಿ ಕರಕಿ ಹಬ್ಬಿದರೆ ನಮ್ಮ ಒಕ್ಕಲಿಗನು ಹೊಲವನ್ನು ಬಿಟ್ಟುಕೊಡುವನೇ? ಬೇಸಗೆಯಲ್ಲಿ ಮೊಣಕಾಲುದ್ದ ಅಗೆದು, ಬೇರನ್ನೆಲ್ಲ ಆರಿಸಿ ಬದುವಿನ ಮೇಲೆ ಸುಟ್ಟು, ಮಳೆಗಾಲಕ್ಕೆ ಅದೇ ಹೊಲದಲ್ಲಿ ಮೆಣಸಿನ ಅಗಿ ಹಚ್ಚುವನು.

ಸಿದ್ಧಾಂತದಲ್ಲಿ ಭೇದವಿಲ್ಲದಿಲ್ಲ. ದೇವರು ಆರಿಸಿಕೊಂಡವರು ಕಡೆಯವರೆಗೂ ಉಳಿಯುವರೆಂದು ಕಾಲ್ವಿನನ ಮತಾನುಯಾಯಿಗಳು 1618-19ರ ಡಾರ್ಟ್ ಸಭೆಯಲ್ಲಿ ನಿರ್ಣಯಿಸಿದರು. ಆದರೂ ದಾವೀದ ಪೇತ್ರರಂತೆ ಅಂಥವರೂ ಘೋರವಾಗಿ ಬೀಳಬಹುದೆಂದು ಅವರೇ ಒಪ್ಪಿರುವಾಗ, ರಕ್ಷಣೆ ಹೊಂದಿದವನು ಹೇಗೆ ಬಾಳಿದರೂ ನಡೆದೀತೆಂಬ ಅಗ್ಗದ ಬೋಧೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. 1530ರ ಆಗ್ಸ್‌ಬರ್ಗ್ ಪ್ರಮಾಣದ ಲೂಥರನವರೂ, 1547ರಲ್ಲಿ ಟ್ರೆಂಟ್‌ನಲ್ಲಿ ಕೂಡಿದ ರೋಮನ್ ಸಭೆಯವರೂ, ಮುಂದೆ ವೆಸ್ಲಿಯ ಪಂಥದವರೂ ಕೃಪೆಯನ್ನು ಕಳೆದುಕೊಳ್ಳಬಹುದೆನ್ನುವರು, ಮರಳಿ ಪಡೆಯಬಹುದೆಂದೂ ಹೇಳುವರು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನಲ್ಲಿ ಕಾಲ್ವಿನನ ಪರಂಪರೆಯವರೂ ಲೂಥರನ ಪರಂಪರೆಯವರೂ ಕೂಡಿಯೇ ಇದ್ದರು. ನನ್ನ ಮನಸ್ಸು ಲೂಥರನ ಕಡೆಗೆ ವಾಲುತ್ತದೆ. ಕಳೆಯಲಾಗದ ವಸ್ತುವಿನ ವಿಷಯದಲ್ಲಿ ಶಾಸ್ತ್ರವು ಇಷ್ಟೊಂದು ಎಚ್ಚರಿಸುತ್ತಿರಲಿಲ್ಲ.

ಈ ವಾದಗಳಿಗಿಂತ ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಯು ನಿನಗೆ ಹೆಚ್ಚು ಉಪಯುಕ್ತವಾದೀತು. 1784ರಲ್ಲಿ ಟೀಪೂ ಸುಲ್ತಾನನು ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಇವರು ಪುನಃ ಸಭೆಗೆ ಬಂದರು. ಆಗ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಇಂಥವರು ಸುಮಾರು 2000 ಜನ ತನ್ನ ಬಳಿಗೆ ಬಂದರೆಂದು 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಅವರಲ್ಲಿ ಒಬ್ಬನೂ ರಕ್ತಸಾಕ್ಷಿಯಾಗುವ ಧೈರ್ಯವನ್ನು ತೋರಲಿಲ್ಲವೆಂದು ಆತನು ನಿಷ್ಠುರವಾಗಿಯೇ ದೂರಿದನು. ತಾನು ಕತ್ತಿಯ ಕೆಳಗೆ ನಿಂತಿರದ ಮನುಷ್ಯನಿಗೆ ಆ ದೂರು ಶೋಭಿಸದೆಂದು ನನ್ನ ಅಭಿಪ್ರಾಯ. ಆದರೂ ಆತನು ಬಾಗಿಲನ್ನು ಮುಚ್ಚಲಿಲ್ಲವೆಂಬುದನ್ನು ಗಮನಿಸು.

ಇದೇನು ಹೊಸದಲ್ಲ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸನು ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರವನ್ನು ಪಡೆಯಬೇಕೆಂದು ಆಜ್ಞಾಪಿಸಿದಾಗ ಕೆಲವರು ಬಲಿಯರ್ಪಿಸಿದರು, ಕೆಲವರು ಹಣ ತೆತ್ತು ಬರಿಯ ಕಾಗದವನ್ನು ಕೊಂಡರು (ಕಚೇರಿಗಳು ಆಗಲೂ ಕಚೇರಿಗಳೇ). ಮರುವರ್ಷ ಕಾರ್ಥೇಜಿನ ಸಿಪ್ರಿಯಾನನೂ ಅವನ ಜೊತೆಯ ಬಿಷಪರೂ ಒಬ್ಬೊಬ್ಬನ ತಪ್ಪನ್ನು ಬೇರೆಬೇರೆಯಾಗಿ ವಿಚಾರಿಸಿ, ಪಶ್ಚಾತ್ತಾಪದ ಕ್ರಮವನ್ನು ವಿಧಿಸುವ ಮಾರ್ಗವನ್ನು ಹಿಡಿದರು. ಸೇರಿಸಲೇಕೂಡದೆಂದ ನೊವಾತಿಯನನು ಸಭೆಯನ್ನೇ ಒಡೆದು ಬೇರೆಯಾದನು. ನಿನ್ನನ್ನು ಹಿಂದಕ್ಕಟ್ಟಿದ ಬೋಧಕರು ಅರಿಯದೆ ಅವನ ಪಕ್ಷವನ್ನು ವಹಿಸಿದ್ದಾರೆ.

ಆದರೆ ತಮ್ಮಾ, ಆ ಸೆರೆಯವರ ನೆವವನ್ನು ನೀನು ಹೇಳಲಾಗದು. ಅವರಿಗೆ ಖಡ್ಗದ ಭಯವಿತ್ತು. ನಿನಗೆ ಆದಿತ್ಯವಾರದ ನಿದ್ರೆಯಿತ್ತು. ಆದುದರಿಂದ ಮನಸ್ಸಿನಲ್ಲಿಯೇ ದುಃಖಪಟ್ಟು ಕೂಡದೆ, ನಿನ್ನ ಸಭಾಪಾಲಕರ ಬಳಿಗೆ ಹೋಗಿ ನಡೆದುದನ್ನು ಮುಚ್ಚದೆ ಹೇಳು. ಕರ್ತನ ಭೋಜನಕ್ಕೆ ಯಾವಾಗ ಬರಬೇಕೆಂಬುದನ್ನು ಅವರೇ ತಿಳಿಸಲಿ. ಸ್ವಲ್ಪ ಕಾಲ ಹಿಂದಿನ ಬೆಂಚಿನಲ್ಲಿ ಕುಳಿತಿರೆಂದರೂ ಬೇಸರಿಸದೆ ಕುಳಿತಿರು. ಆ ಬೋಧಕರೊಡನೆ ವಾದಕ್ಕೆ ಮಾತ್ರ ಹೋಗಬೇಡ.

ನಿನ್ನ ದೊಡ್ಡಪ್ಪ