ಪಾರಣೆಯ ಅಡುಗೆ

ಉಪವಾಸವು ಊಟ ಬಿಟ್ಟ ದಿನದೊಂದಿಗೆ ಮುಗಿಯುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚತುರ್ವಿಧ ಆಹಾರದ ತ್ಯಾಗವನ್ನು ಉಪವಾಸವೆಂದೂ ಒಪ್ಪೊತ್ತಿನ ಊಟವನ್ನು ಪ್ರೋಷಧವೆಂದೂ ನಿರೂಪಿಸಿದ್ದಾರೆ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಹಿಂದಿನ ದಿನ ಧಾರಣೆ, ಪರ್ವದಂದು ಉಪವಾಸ, ಮರುದಿನ ಪಾರಣೆ. ಈ ಮೂರೂ ಸೇರಿ ವ್ರತವು ಪೂರ್ಣವಾಗುತ್ತದೆ. ಆದರೂ ಕೆಲವು ಮನೆಗಳಲ್ಲಿ ಪಾರಣೆಯು ಹೋಳಿಗೆ, ಪಾಯಸ, ಕರಿದ ತಿಂಡಿಗಳ ಔತಣವಾಗುತ್ತದೆ. ಹಿಂದಿನ ದಿನ ಗೆದ್ದ ಜಿಹ್ವೆಗೆ ಮರುದಿನ ಸೋಲುವುದೆಂದರೆ ವ್ರತದ ಫಲಕ್ಕೂ ದೇಹದ ಸ್ವಾಸ್ಥ್ಯಕ್ಕೂ ಹಾನಿ.

ಕರಾವಳಿಯ ಮಳೆಗಾಲ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಜೈನಧರ್ಮದ ನೆಲೆ ಪ್ರಾಚೀನವಾದುದು. ಬಾರ್ಕೂರಿನ ಕತ್ತಲೆ ಬಸದಿ, ಹಟ್ಟಿಯಂಗಡಿಯ ಬಸದಿಗಳು ಇದಕ್ಕೆ ಸಾಕ್ಷಿ. ಇಲ್ಲಿ ಚಾತುರ್ಮಾಸವೆಂದರೆ ಬಿಡದೆ ಸುರಿಯುವ ಮಳೆಯ ಕಾಲ. ಪತ್ರೊಡೆ, ಕಳಲೆ, ಅಣಬೆ, ಸೊಪ್ಪಿನ ತಂಬುಳಿಗಳು ಆಗ ನೆರೆಹೊರೆಯ ಮನೆಗಳ ರುಚಿ. ಜೀವೋತ್ಪತ್ತಿ ಹೆಚ್ಚಾದ ಆ ಋತುವಿನಲ್ಲಿ ವ್ರತಿಕರು ಸೊಪ್ಪನ್ನು ಬಿಡುತ್ತಾರೆ. ಅಣಬೆ, ಕಂದಮೂಲಗಳು ಎಂದಿಗೂ ವರ್ಜ್ಯವೇ. ಹಾಗಾದರೆ ದಣಿದ ದೇಹಕ್ಕೆ ಹಿತವಾದುದೇನು? ಉತ್ತರ ಈ ನೆಲದ ನಿತ್ಯಾಹಾರದಲ್ಲಿಯೇ ಇದೆ. ಅದು ಕುಚ್ಚಲಕ್ಕಿಯ ಗಂಜಿ.

ನೀರು, ಹಿಟ್ಟು, ಧಾನ್ಯ

ಕರಾವಳಿಯ ಮನೆಗಳಲ್ಲಿ ಬಾವಿ ಅಂಗಳದಲ್ಲಿಯೇ ಇರುವುದರಿಂದ, ದಪ್ಪ ಬಟ್ಟೆಯನ್ನು ಇಮ್ಮಡಿಸಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಮುಟ್ಟಿಸುವುದು ಕಷ್ಟವಲ್ಲ. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳೆಂಬ ಕಟ್ಟಳೆಯಿದೆ. ತೇವದ ಗಾಳಿಗೆ ಹಿಟ್ಟು ಬೇಗ ಮುಗ್ಗುವುದನ್ನು ಕಂಡವರಿಗೆ ಇದರ ಔಚಿತ್ಯ ತಾನಾಗಿ ತಿಳಿಯುತ್ತದೆ. ಅಕ್ಕಿ, ಬೇಳೆಗಳನ್ನು ಹಿಂದಿನ ದಿನ ಹಗಲಿನಲ್ಲಿಯೇ ಆರಿಸಿಡಬೇಕು.

ಅಡುಗೆಯ ಕ್ರಮ

ಸೂರ್ಯೋದಯದ ನಂತರವೇ ಒಲೆ ಹೊತ್ತಿಸಬೇಕು. ಇಡಿಯ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾದ್ದರಿಂದ ಅದರ ನುಚ್ಚು ಅನುಕೂಲ. ಒಂದು ಪಾಲು ನುಚ್ಚಿಗೆ ಏಳೆಂಟು ಪಾಲು ನೀರು ಹಾಕಿ, ಕಾಳು ಬೆರಳಿಗೆ ಮಿದುವಾಗುವವರೆಗೆ ಬೇಯಿಸಿ, ಕೊನೆಯಲ್ಲಿ ಉಪ್ಪು, ಒಂದು ಚಿಟಿಕೆ ಜೀರಿಗೆ, ಒಣಶುಂಠಿಯ ಪುಡಿ ಸೇರಿಸಿದರೆ ಸಾಕು. ಹಸಿಶುಂಠಿ ಕಂದವಾದುದರಿಂದ ಬೇಡ. ಬಡಿಸುವಾಗ ಒಂದು ಚಮಚ ತುಪ್ಪ. ಪಕ್ಕಕ್ಕೆ ಹೀರೆಕಾಯಿ ಅಥವಾ ಬಾಳೆಕಾಯಿಯ ಮಿದುವಾದ ಪಲ್ಯ, ಆಗತಾನೆ ಅರೆದ ತೆಂಗಿನಕಾಯಿಯ ಚಟ್ನಿ.

ಗಂಜಿಯೊಡನೆ ಉಪ್ಪಿನಕಾಯಿ ಇಲ್ಲಿನ ರೂಢಿ. ಆದರೆ ಕಾಲಮರ್ಯಾದೆ ಮೀರಿದ ಉಪ್ಪಿನಕಾಯಿ ಅಭಕ್ಷ್ಯ. ಅದರ ಬದಲು ನಿಂಬೆರಸ ಹಿಂಡಬಹುದು. ಹೆಸರುಬೇಳೆಯ ತೊವ್ವೆ ಮಾಡಿದ ದಿನ ಮೊಸರು, ಮಜ್ಜಿಗೆ ಬಡಿಸಬಾರದು. ಅದು ದ್ವಿದಳ ದೋಷ. ಮೆಂತೆಯೂ ದ್ವಿದಳವೇ ಎಂಬುದನ್ನು ಹಲವರು ಮರೆಯುತ್ತಾರೆ. ಮೆಂತೆಯ ತಂಬುಳಿಗೆ ಮಜ್ಜಿಗೆ ಬೆರೆಸುವಾಗ ಇದನ್ನು ನೆನೆಯಬೇಕು. ಹುದುಗು ಬಂದ ಇಡ್ಲಿಯನ್ನು ಒಲ್ಲದವರಿಗೆ ಆಗಲೇ ರುಬ್ಬಿ ಹೊಯ್ಯುವ ನೀರುದೋಸೆ ಇದ್ದೇ ಇದೆ.

ಒಪ್ಪೊತ್ತಿನ ನಿಯಮವಿದ್ದವರು ಒಂದೇ ಕೂಟದಲ್ಲಿ ಮೊದಲು ಬಿಸಿನೀರು, ಆಮೇಲೆ ಗಂಜಿಯ ತೆಳಿ, ಅನಂತರ ಗಂಜಿ ಎಂಬ ಕ್ರಮದಲ್ಲಿ ಸಾವಕಾಶವಾಗಿ ಉಣ್ಣಬೇಕು. ಹಸಿವು ಪೂರ್ತಿ ಅಡಗುವ ಮೊದಲೇ ಕೈ ತೊಳೆಯುವುದು ಊನೋದರ ತಪಸ್ಸು.

ಶಕ್ತಿಗೆ ತಕ್ಕ ತಪ

ದಶಲಕ್ಷಣ ಪರ್ವದಲ್ಲಿ ಹಲವು ದಿನ ಸತತವಾಗಿ ಉಪವಾಸ ಮಾಡಿದವರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ದೀರ್ಘ ನಿರಾಹಾರದ ಬಳಿಕ ಒಮ್ಮೆಲೇ ಹೆಚ್ಚು ಉಂಡರೆ ರಕ್ತದಲ್ಲಿನ ಲವಣಗಳ ಸಮತೋಲ ಕೆಟ್ಟು ಪ್ರಾಣಕ್ಕೇ ಅಪಾಯವಾಗಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಸಿವಿನಿಂದ ಸೊರಗಿ ಬಿಡುಗಡೆಯಾದ ಸೆರೆಯಾಳುಗಳಲ್ಲಿ ವೈದ್ಯರು ಇದನ್ನು ಕಂಡರು. ಅಂಥವರಿಗೆ ಆಹಾರವನ್ನು ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸಬೇಕು. ಮಧುಮೇಹಕ್ಕೆ ಔಷಧಿ ಸೇವಿಸುವವರು, ಗರ್ಭಿಣಿಯರು, ವೃದ್ಧರು ವೈದ್ಯರನ್ನು ಕೇಳಿಯೇ ವ್ರತ ಹಿಡಿಯುವುದು ಲೇಸು. ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿರುವುದು ಅಕಾರಣವಲ್ಲ.

ಇನ್ನೊಂದು ಮಾತು. ಪಾರಣೆಯ ಬೆಳಿಗ್ಗೆ ಒಲೆಯ ಮುಂದೆ ನಿಲ್ಲುವ ಗೃಹಿಣಿ ಎಷ್ಟೋ ಮನೆಗಳಲ್ಲಿ ತಾನೂ ಉಪವಾಸವಿದ್ದವಳು. ಎಲ್ಲರಿಗೂ ಬಡಿಸಿ ಕೊನೆಗೆ ಆರಿದ ಅನ್ನ ಉಣ್ಣುವವಳೂ ಆಕೆಯೇ. ನೀರು ಸೇದಿ ಸೋಸುವುದು, ಧಾನ್ಯ ಆರಿಸುವುದು, ಕಾಯಿ ತುರಿಯುವುದು ಮನೆಯ ಗಂಡಸರಿಗೂ ಮಕ್ಕಳಿಗೂ ಸಲ್ಲುವ ಕೆಲಸಗಳು. ವ್ರತಸ್ಥೆಗೆ ಮೊದಲ ಸೌಟು ಗಂಜಿ ಬಿಸಿಬಿಸಿಯಾಗಿ ಸಿಗುವ ಮನೆಯಲ್ಲಿ ಅಹಿಂಸೆಯು ಅಡುಗೆಮನೆಯಿಂದಲೇ ಆರಂಭವಾಗಿದೆಯೆಂದು ತಿಳಿಯಬೇಕು.

ಮನನಕ್ಕೆ: 1. ಧಾರಣೆ, ಉಪವಾಸ, ಪಾರಣೆಗಳ ಸಂಬಂಧವೇನು? 2. ಮೆಂತೆಯ ತಂಬುಳಿಯಲ್ಲಿ ದ್ವಿದಳ ದೋಷ ಹೇಗೆ ಬರುತ್ತದೆ? 3. ಮುಂದಿನ ಪಾರಣೆಯಂದು ಮನೆಯಲ್ಲಿ ಯಾರು ಯಾವ ಕೆಲಸ ವಹಿಸಿಕೊಳ್ಳುವರು?