ನಮ್ಮವರಂತೆ ಮಾತಾಡುವ ಜಾಹೀರಾತು

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರೇ, ನಿಮಗೊಂದು ಮಾತು. ಟಿವಿ ಮುಂದೆ ಕೂತ ಮಗುವಿಗೆ ಯಾವ ಜಾಹೀರಾತು ಎಷ್ಟು ಸಲ ಕಾಣುತ್ತದೆ ಎನ್ನುವುದು ಆಕಸ್ಮಿಕವಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ರಡ್ ಕೇಂದ್ರದ ಲೆಕ್ಕದಂತೆ, 2019ರಲ್ಲಿ ಫಾಸ್ಟ್ ಫುಡ್ ಕಂಪನಿಗಳು ಅಮೆರಿಕದಲ್ಲಿ ಜಾಹೀರಾತಿಗೆ ಸುರಿದದ್ದು 500 ಕೋಟಿ ಡಾಲರ್. ಬಿಳಿಯ ಮಕ್ಕಳಿಗಿಂತ ಕಪ್ಪು ಮಕ್ಕಳು ಇಂಥ ಜಾಹೀರಾತುಗಳನ್ನು ಶೇ. 75ರಷ್ಟು ಹೆಚ್ಚು ನೋಡಿದ್ದರು.

ಇದರ ಬೇರು ಹಳೆಯದು. ಕಪ್ಪು ಜನರ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ 1968ರಲ್ಲೇ ಮೆಕ್‌ಡೊನಾಲ್ಡ್ಸ್‌ನ ಮೊದಲ ಕಪ್ಪು ಫ್ರಾಂಚೈಸಿ ಮಾಲೀಕ ಹರ್ಮನ್ ಪೆಟ್ಟಿ ಷಿಕಾಗೋದಲ್ಲಿ ಅಂಗಡಿ ವಹಿಸಿಕೊಂಡರು. ಇಂಥ ಅಂಗಡಿಗಳಿಂದ ಕೆಲಸ ಸಿಕ್ಕಿತು, ವಿದ್ಯಾರ್ಥಿವೇತನವೂ ಬಂತು, ಸುಳ್ಳಲ್ಲ. ಆದರೆ ಅದರಿಂದ ಹುಟ್ಟಿದ ಋಣಭಾವವನ್ನೇ ಮಾರಾಟಕ್ಕೆ ಬಳಸುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಮುಂದೆ ಅದೇ ಮೆಕ್‌ಡೊನಾಲ್ಡ್ಸ್‌ನಿಂದ ಕಪ್ಪು ಜನರಿಗೆ ‘365ಬ್ಲ್ಯಾಕ್’, ಏಷ್ಯನ್ನರಿಗೆ ‘ಮೈಇನ್‌ಸ್ಪಿರೇಷಿಯನ್’ ಎಂದು ಬೇರೆ ಬೇರೆ ಪ್ರಚಾರ ಬಂತು. ಆ ಪಟ್ಟಿಯಲ್ಲಿ ನಾವೂ ಇದ್ದೇವೆ.

ಇದು ನಮಗೆ ಮುಖ್ಯ, ಯಾಕೆಂದರೆ ನಮ್ಮ ಮೈಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ತೆಳ್ಳಗಿದ್ದರೂ ಬರುತ್ತದೆ. ಅದಕ್ಕೇ ಅಮೆರಿಕದ ಡಯಾಬಿಟಿಸ್ ಸಂಘ 2015ರಲ್ಲಿ ಏಷ್ಯನ್ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ರ ಬದಲು 23ಕ್ಕೇ ತಪಾಸಣೆ ಸೂಚಿಸಿತು. ಹಾಗಾಗಿ ದೀಪಾವಳಿಯ ಶುಭಾಶಯ ಹೊತ್ತ ಜಾಹೀರಾತು ಬಂದರೆ ಮಕ್ಕಳ ಪಕ್ಕ ಕೂತು ಕೇಳಿ: ಇಲ್ಲಿ ತೋರಿಸಿದ ತಿಂಡಿ ಯಾವುದು? ನಮಗೇ ಯಾಕೆ ತೋರಿಸಿದರು? ಬೈದು ತಡೆಯುವುದಕ್ಕಿಂತ ಇದು ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ. ಶಾಲೆಯ ಆಟೋಟಕ್ಕೆ ಬರ್ಗರ್ ಕಂಪನಿ ಪ್ರಾಯೋಜಕತ್ವ ಕೊಡಲು ಬಂದರೆ, ಪಾಲಕರ ಸಭೆಯಲ್ಲಿ ಕಪ್ಪು, ಲ್ಯಾಟಿನೋ ಪಾಲಕರ ಜೊತೆ ನಿಂತು ಪ್ರಶ್ನೆ ಎತ್ತಿ.